ಮೂಲೆಯ ತಗಡು

ಭಾಂಡುಪ್ ಪಶ್ಚಿಮದ ನವಪ್ರಭಾತ್ ಸೊಸೈಟಿಯ ಆಡಳಿತ ಮಂಡಳಿ ಕಳೆದ ದಸರೆಗೆ ಮುಂಚಿನ ವಾರದಲ್ಲಿ ಎದುರಿಸಿದ ಪ್ರಶ್ನೆ ಅತ್ಯಂತ ಗಂಭೀರವಾದದ್ದು. ಕಾರ್ಯದರ್ಶಿ ಸುಕೇಶ ಶೆಟ್ಟರ ಬಿಳಿ ಮುಂಡಿನ ಮೇಲೆ ಗೋಡಂಬಿ ಗಾತ್ರದ ಕಂದು ಕಲೆಯೊಂದು ಬಿದ್ದಿತ್ತು. ಮುಂಡು ನವರಾತ್ರಿಯ ಭಜನೆಗೆಂದು ಒಗೆದು ಟೆರೇಸಿನ ತಂತಿಗೆ ಹಾಕಿದ್ದು. ಕಲೆ ನಡುವೆ ಬಿದ್ದಿದ್ದರೆ ನೆರಿಗೆಯೊಳಗೆ ಮುಚ್ಚಿಹೋಗುತ್ತಿತ್ತು. ಅದು ಬಿದ್ದದ್ದು ಜರಿ ಅಂಚಿನ ಪಕ್ಕದಲ್ಲಿ, ಭಜನೆಯಲ್ಲಿ ಕುಳಿತ ಮನುಷ್ಯನ ಮೊಣಕಾಲು ಎಲ್ಲಿರುತ್ತದೋ ಸರಿಯಾಗಿ ಅಲ್ಲಿ.

ಸೊಸೈಟಿಯ ಲಿಫ್ಟು ಎರಡನೆಯ ಮತ್ತು ಮೂರನೆಯ ಮಹಡಿಗಳ ನಡುವೆ ನಿಂತು ಆಲೋಚನೆಗೆ ತೊಡಗುವ ಅಭ್ಯಾಸ ಬೆಳೆಸಿಕೊಂಡಾಗ ಮಂಡಳಿಯ ಸಭೆಗೆ ಕೋರಂ ಸಿಕ್ಕಿರಲಿಲ್ಲ. ಕಲೆಯ ಸಭೆಗೆ ಎಲ್ಲರೂ ಬಂದರು. ಸ್ಟೇಷನ್ ಪಕ್ಕದ ಸುಕೇಶರ ಹೋಟೆಲಿನಿಂದ ಗೋಳಿಬಜೆ ಬರುತ್ತದೆಂಬ ಸುದ್ದಿಯೂ ಇದಕ್ಕೆ ಕಾರಣವಿರಬಹುದು. ಮುಂಡನ್ನು ಮೇಜಿನ ಮೇಲೆ ಹಾಸಲಾಯಿತು. ಎಲ್ಲರೂ ಬಗ್ಗಿ ನೋಡಿ, ಒಬ್ಬರು ಮೂಸಿಯೂ ನೋಡಿ, ಇದು ತುಕ್ಕಿನ ಕಲೆಯೇ ಹೌದೆಂದು ಒಮ್ಮತಕ್ಕೆ ಬಂದರು. ತುಕ್ಕು ಎಲ್ಲಿಂದ ಬಂತು ಎಂಬ ಬಗ್ಗೆಯಂತೂ ಚರ್ಚೆಯೇ ನಡೆಯಲಿಲ್ಲ. ಟೆರೇಸಿನ ಪಶ್ಚಿಮದ ಮೂಲೆಯಲ್ಲಿ ಶಂಕ್ರೆಪ್ಪನವರ ತಗಡುಗಳಿದ್ದವು.

ಇಟ್ಟಿಗೆಯ ಕಟ್ಟೆಯ ಮೇಲೆ ತೇಗದ ಒಂದು ಸ್ಟ್ಯಾಂಡು. ಅದರಲ್ಲಿ ಎರಡು ಸಾಲಾಗಿ, ಪಿಂಗಾಣಿಯ ಗುಬುಟುಗಳಿಗೆ ಆನಿಸಿ ಓರೆಯಾಗಿ ನಿಲ್ಲಿಸಿದ, ಶಾಲೆಯ ಪಾಟಿಯಷ್ಟು ದೊಡ್ಡ ಆರು ಉಕ್ಕಿನ ತುಂಡುಗಳು. ಬಿಲ್ಡಿಂಗ್ ಎದ್ದ ವರ್ಷದಿಂದ, ಅಂದರೆ ನಲವತ್ತು ವರ್ಷಗಳಿಂದ, ಅವು ಪಶ್ಚಿಮಕ್ಕೆ ಮುಖ ಮಾಡಿ ಮಳೆಗೆ ಮೈಯೊಡ್ಡಿಕೊಂಡು ನಿಂತಿದ್ದವು. ಹೊಸದಾಗಿ ಬಂದ ಬಾಡಿಗೆದಾರರಲ್ಲಿ ಕೆಲವರು ಅದನ್ನು ಹಳೆಯ ಕಾಲದ ಆಂಟೆನಾ ಎಂದುಕೊಂಡಿದ್ದರು, ಕೆಲವರು ಯಾವುದೋ ದೇವರು ಎಂದುಕೊಂಡಿದ್ದರು. ಈ ಎರಡನೆಯ ಗುಂಪು ಸತ್ಯಕ್ಕೆ ಎಷ್ಟು ಹತ್ತಿರವಿತ್ತೆಂಬುದು ಆಗ ಯಾರಿಗೂ ಗೊತ್ತಿರಲಿಲ್ಲ.

ಸಭೆ ನಿರ್ಣಯ ಮಾಡಿತು. ದಸರೆ ಮುಗಿದ ಸೋಮವಾರ ಟೆರೇಸಿಗೆ ಡಾಂಬರಿನ ಹಾಳೆ ಹಾಸುವುದು, ಅದಕ್ಕೆ ಮುಂಚೆ ಅಲ್ಲಿರುವ ಭಂಗಾರವನ್ನೆಲ್ಲ ತೆಗೆದುಹಾಕುವುದು. ಮರಾಠಿಯಲ್ಲಿ ಭಂಗಾರ ಎಂದರೆ ಗುಜರಿ. ಇದರ ಮೇಲೆ ಮುಂಬೈ ಕನ್ನಡಿಗರು ಮೂರು ತಲೆಮಾರುಗಳಿಂದ ಮಾಡುತ್ತ ಬಂದ ತಮಾಷೆಯನ್ನು ಇಲ್ಲಿ ಮತ್ತೊಮ್ಮೆ ಮಾಡುವುದಿಲ್ಲ.

ನಿರ್ಣಯವನ್ನು ತಿಳಿಸಲು ಸುಕೇಶರು ಖುದ್ದಾಗಿ ಮೂರನೆಯ ಮಹಡಿಗೆ ಹೋದರು. ಶಂಕ್ರೆಪ್ಪನವರಿಗೆ ಎಂಬತ್ತು ದಾಟಿದೆ. ನೋಟಿಸು ಅಂಟಿಸಿ ಬರುವುದು ಸರಿಯಲ್ಲ ಎಂಬ ಮರ್ಯಾದೆ ಅವರಿಗಿತ್ತು. ಮುಂಡನ್ನೂ ಒಯ್ದಿದ್ದರು. ಶಂಕ್ರೆಪ್ಪನವರು ಕನ್ನಡಕ ಏರಿಸಿ ಕಲೆಯನ್ನು ಬಹಳ ಹೊತ್ತು ನೋಡಿದರು.

"ಇದು ನಮ್ಮದಲ್ರೀ," ಎಂದರು.

"ಮತ್ತೆ ಆಕಾಶದಿಂದ ಬಿತ್ತಾ ಮಾರಾಯ್ರೆ? ನಿಮ್ಮ ತಗಡು ಬಿಟ್ಟರೆ ಮೇಲೆ ಬೇರೆ ಎಂತ ಉಂಟು?"

"ತಗಡಲ್ಲ, ಪ್ಲೇಟು. ಮೂರು ಮಿಲಿಮೀಟರ್ ದಾಟಿದ ಮ್ಯಾಲ ಅದಕ್ಕ ತಗಡು ಅನ್ನಬಾರದು."

ಸುಕೇಶರು ಹದಿನೈದು ವರ್ಷದಿಂದ ಈ ತಿದ್ದುಪಡಿಯನ್ನು ಕೇಳಿಸಿಕೊಂಡು, ಹದಿನೈದು ವರ್ಷದಿಂದ ತಗಡು ಎಂದೇ ಅನ್ನುತ್ತ ಬಂದವರು. ಸೋಮವಾರದ ಹೊತ್ತಿಗೆ ಪ್ಲೇಟುಗಳೆಂಬ ಆ ತಗಡುಗಳು ಅಲ್ಲಿರಬಾರದೆಂದು ಹೇಳಿ, ಶಂಕ್ರೆಪ್ಪನವರ ಹೆಂಡತಿ ರಾಚವ್ವನವರು ಕೊಟ್ಟ ಚಹಾ ಕುಡಿದು ಹೋದರು.

ಈ ಪ್ಲೇಟುಗಳ ಪುರಾಣ ಬಿಲ್ಡಿಂಗಿನಲ್ಲಿ ಎಲ್ಲರಿಗೂ ಅಷ್ಟಿಷ್ಟು ಗೊತ್ತಿತ್ತು, ಪೂರ್ತಿ ಗೊತ್ತಿದ್ದವರು ಯಾರೂ ಇರಲಿಲ್ಲ. ಶಂಕ್ರೆಪ್ಪನವರು ಮುದ್ದೇಬಿಹಾಳದ ಕಡೆಯವರು. ಲೋಹಶಾಸ್ತ್ರ ಓದಿ, ಭಾಂಡುಪಿನ ಎಲ್.ಬಿ.ಎಸ್. ರಸ್ತೆಯಲ್ಲಿದ್ದ ಒಂದು ಉಕ್ಕಿನ ಕಾರ್ಖಾನೆಯ ಸಂಶೋಧನಾ ವಿಭಾಗ ಸೇರಿದರು. ಆ ಜಾಗದಲ್ಲಿ ಈಗ ತಲೆಯೆತ್ತಿ ನೋಡಿದರೆ ಕುತ್ತಿಗೆ ಹಿಡಿಯುವಷ್ಟು ಎತ್ತರದ ಮೂರು ಗೋಪುರಗಳಿವೆ. ಅಲ್ಲಿನ ಈಜುಕೊಳ ಇರುವ ಕಡೆಯೇ ಕುಲುಮೆ ಇತ್ತೆಂದು ಅವರು ಹೇಳುತ್ತಾರೆ. ಅಲ್ಲಿ ನೀರು ಎಂದೂ ತಣ್ಣಗಾಗಲಾರದೆಂಬ ನಂಬಿಕೆ ಅವರಿಗಿದೆ. ಪರೀಕ್ಷಿಸಲು ವಾಚ್‌ಮನ್ ಒಳಗೆ ಬಿಟ್ಟಿಲ್ಲ.

ಆ ಕಾಲದ ನಮ್ಮ ಲೋಹಶಾಸ್ತ್ರದ ಚರಿತ್ರೆಯೆಂದರೆ ಬಹುಮಟ್ಟಿಗೆ ಇಲ್ಲದ ವಸ್ತುಗಳ ಚರಿತ್ರೆ. ತುಕ್ಕು ತಡೆಯುವ ಉಕ್ಕಿಗೆ ನಿಕ್ಕಲ್ ಬೇಕು, ನಿಕ್ಕಲ್ ದೇಶದಲ್ಲಿ ಸಿಗುತ್ತಿರಲಿಲ್ಲ. ಹೊರಗಿನಿಂದ ತರಿಸಲು ವಿದೇಶಿ ಹಣ ಬೇಕು, ಅದೂ ಇಲ್ಲ. ಹಣ ಸಿಕ್ಕರೆ ಲೈಸೆನ್ಸು ಇಲ್ಲ. ಹೀಗಾಗಿ ದೇಶದ ಪ್ರಯೋಗಾಲಯಗಳಲ್ಲೆಲ್ಲ ಬುದ್ಧಿವಂತರು ಕಾಲ ಕೆಳಗಿನ ಮಣ್ಣಿನಲ್ಲಿ ಇದ್ದದ್ದರಿಂದಲೇ ಇಲ್ಲದ್ದರ ಕೆಲಸ ಮಾಡಿಸುವುದು ಹೇಗೆಂದು ಯೋಚಿಸುತ್ತಿದ್ದರು. ಶಂಕ್ರೆಪ್ಪನವರ ಕಣ್ಣು ಬಿದ್ದದ್ದು ರಂಜಕದ ಮೇಲೆ. ಉಕ್ಕು ಮಾಡುವವರಿಗೆ ರಂಜಕ ಹುಟ್ಟು ವೈರಿ. ಅದಿರಿನ ಜೊತೆ ಬರುತ್ತದೆ, ಉಕ್ಕನ್ನು ಚಳಿಯಲ್ಲಿ ಗಾಜಿನಂತೆ ಒಡೆಯುವ ಹಾಗೆ ಮಾಡುತ್ತದೆ. ಅದನ್ನು ಓಡಿಸಲು ಯುರೋಪಿನವರು ನೂರು ವರ್ಷ ಹೆಣಗಿದ್ದಾರೆ. ಆದರೆ ನಮ್ಮ ಹಳೆಯ ಕಬ್ಬಿಣ ಕರಗಿಸುವವರು ಅದನ್ನು ಓಡಿಸುವ ಗೋಜಿಗೆ ಹೋಗಿರಲಿಲ್ಲ. ಅವರ ಕಬ್ಬಿಣದಲ್ಲಿ ಅದು ಹಾಗೆಯೇ ಉಳಿಯುತ್ತಿತ್ತು. ದಿಲ್ಲಿಯ ಕಂಬ ಮಳೆ ಬಿಸಿಲಿನಲ್ಲಿ ಸಾವಿರದಾರುನೂರು ವರ್ಷ ನಿಂತದ್ದರಲ್ಲಿ ರಂಜಕದ ಕೈವಾಡ ದೊಡ್ಡದು.

ಮೀಟಿಂಗಿನಲ್ಲಿ ಮೇಲಧಿಕಾರಿಗಳು ಚಳಿಯ ಮಾತೆತ್ತಿದಾಗ ಶಂಕ್ರೆಪ್ಪನವರು ಕೇಳಿದ ಪ್ರಶ್ನೆ ಕಾರ್ಖಾನೆಯ ಕ್ಯಾಂಟೀನಿನವರೆಗೂ ಪ್ರಸಿದ್ಧವಾಗಿತ್ತು: "ಮುಂಬೈದಾಗ ಥಂಡಿ ಎಲ್ಲೈತ್ರಿ?"

ಒಂದಿಷ್ಟು ರಂಜಕ, ಒಂದಿಷ್ಟು ತಾಮ್ರ ಹಾಕಿ ಅವರು ಉಕ್ಕು ಎರಕ ಹೊಯ್ದರು. ಈ ಉಕ್ಕು ಮೊದಲ ಕೆಲವು ಮಳೆಗಾಲ ಎಲ್ಲದರಂತೆ ತುಕ್ಕು ಹಿಡಿಯುತ್ತದೆ. ಆಮೇಲೆ ಆ ತುಕ್ಕನ್ನೇ ಗಟ್ಟಿ ಚರ್ಮ ಮಾಡಿಕೊಂಡು, ಚರ್ಮದೊಳಗೆ ತಾನು ಸುಖವಾಗಿರುತ್ತದೆ ಎಂಬುದು ಅವರ ವಾದ. ಕಾರ್ಖಾನೆ ಹೊರದೇಶದ ಸಲಹೆಗಾರನೊಬ್ಬನನ್ನು ಕರೆಸಿತು. ಆತ ವರದಿ ಬರೆದ. ಉಪ್ಪು ಗಾಳಿಯ ಮುಂಬೈಯಲ್ಲಿ ಈ ಉಕ್ಕು ಹತ್ತು ವರ್ಷದೊಳಗೆ ತೂತು ಬೀಳುತ್ತದೆ. ಅಂದಹಾಗೆ ಶ್ರೀ ಶಂಕ್ರೆಪ್ಪನವರ ಉತ್ಸಾಹ ಮನಸ್ಸಿಗೆ ಮುಟ್ಟುವಂಥದ್ದು. ಆಡಳಿತದವರು ಸಲಹೆಗಾರನ ಪಾಕವನ್ನೇ ತೆಗೆದುಕೊಂಡರು. ಅದಕ್ಕೆ ನಿಕ್ಕಲ್ ಬೇಕಿತ್ತು. ನಿಕ್ಕಲ್ ಬರಲಿಲ್ಲ. ಸಂಶೋಧನಾ ವಿಭಾಗದ ಕೋಣೆಗಳಲ್ಲಿ ಸಿಮೆಂಟಿನ ಚೀಲ ತುಂಬಿದರು.

ಶಂಕ್ರೆಪ್ಪನವರು ತಮ್ಮ ಉಕ್ಕಿನ ಮೂರು ತುಂಡು, ಮಾಮೂಲಿ ಉಕ್ಕಿನ ಮೂರು ತುಂಡು ಮನೆಗೆ ತಂದು ಟೆರೇಸಿನಲ್ಲಿ ನಿಲ್ಲಿಸಿದರು. ಕಾಯುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಅವರಿಗೆ ಒಂದು ನಿಯಮವಿತ್ತು: ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮುನ್ನ ಜೂನಿನ ಮೊದಲ ವಾರ ಮಾತ್ರ ಮೇಲೆ ಹೋಗಿ ನೋಡುವುದು. ಭೂತಗನ್ನಡಿ ಹಿಡಿದು ನೋಡಿ, ನಾಣ್ಯದಿಂದ ಒಮ್ಮೆ ತಟ್ಟಿ, ಕಿವಿಗೊಟ್ಟು ಕೇಳಿ ಇಳಿದು ಬರುವುದು. ಕೈ ಹಚ್ಚುವಂತಿಲ್ಲ. ನಡುವೆ ಹೋಗುವಂತಿಲ್ಲ. ದಿನಾ ನೋಡುವವರಿಗೆ ಕೂಸು ಬೆಳೆದದ್ದು ಗೊತ್ತಾಗುವುದಿಲ್ಲ ಎನ್ನುತ್ತಿದ್ದರು.

ಹದಿನೈದು ವರ್ಷದ ಹೊತ್ತಿಗೆ ಮಾಮೂಲಿ ಉಕ್ಕಿನ ತುಂಡುಗಳು ಜರಡಿಯಾದವು. ಈಗ ಅವುಗಳ ಅಂಚು ಮಾತ್ರ ಉಳಿದಿದೆ. ಅವರ ಉಕ್ಕಿನ ಎರಡು ತುಂಡುಗಳು ಬದನೆಕಾಯಿಯ ಬಣ್ಣಕ್ಕೆ ತಿರುಗಿ, ನುಣ್ಣಗೆ ಗಟ್ಟಿಯಾಗಿ, ತಟ್ಟಿದರೆ ಗಂಟೆಯಂತೆ ನುಡಿಯುತ್ತ ನಿಂತವು. ಮೂರನೆಯದು ಮಾತ್ರ ಮಾತು ಕೇಳಲಿಲ್ಲ. ಕೆಳಗಿನ ಸಾಲಿನ ಮೂಲೆಯ ಆ ಪ್ಲೇಟಿಗೆ ಚರ್ಮವೇ ಬೆಳೆಯಲಿಲ್ಲ. ಪ್ರತಿ ಜೂನಿನಲ್ಲೂ ಅದು ಹೊಸ ತುಕ್ಕಿನ ಕೆಂಪು ಪುಡಿ ಉದುರಿಸುತ್ತಿತ್ತು. ವರ್ಷದಿಂದ ವರ್ಷಕ್ಕೆ ಸವೆಯುತ್ತಿತ್ತು.

ಈ ಒಂದು ಪ್ಲೇಟಿನಿಂದಾಗಿ ಅವರು ತಮ್ಮ ಉಕ್ಕಿನ ಬಗ್ಗೆ ಎಲ್ಲಿಯೂ ಒಂದಕ್ಷರ ಬರೆಯಲಿಲ್ಲ. ಎರಕದ ಕೊನೆಯ ಸೌಟಿನಲ್ಲಿ ಏನೋ ಕೆಟ್ಟಿರಬೇಕು, ರಂಜಕ ಒಂದೆಡೆ ಸೇರಿ ಇನ್ನೊಂದೆಡೆ ಇಲ್ಲದಂತಾಗಿರಬೇಕು ಎಂಬುದು ಅವರ ಗುಮಾನಿ. ಮೂರರಲ್ಲಿ ಒಂದು ಯಾವಾಗ ಕೈಕೊಡುತ್ತದೋ ಹೇಳಲಾಗದ ಉಕ್ಕಿನಿಂದ ಸೇತುವೆ ಕಟ್ಟಿರೆಂದು ಜನಕ್ಕೆ ಹೇಳುವುದು ಹೇಗೆ? ಸಲಹೆಗಾರ ಪೂರ್ತಿ ಸರಿಯಲ್ಲ, ತಾನೂ ಪೂರ್ತಿ ಸರಿಯಲ್ಲ ಎಂಬಲ್ಲಿಗೆ ಅವರು ಬಂದು ನಿಂತಿದ್ದರು. ನಲವತ್ತು ವರ್ಷ ನಿಂತಿರಲು ಅದು ಆರಾಮದ ಜಾಗವಲ್ಲ.

ಇಂಥ ಹೊತ್ತಿನಲ್ಲಿ ಹರಿಣಿ ಬಂದಳು. ಮಂಗಳೂರು ಮೂಲದವಳು, ಹುಟ್ಟಿ ಬೆಳೆದದ್ದು ದಾದರಿನಲ್ಲಿ, ಲೋಹಶಾಸ್ತ್ರದಲ್ಲಿ ಡಾಕ್ಟರೇಟ್. ನಗರದ ಒಂದು ಸಂಸ್ಥೆ ದೇಶದ ಗಣಿ ಮತ್ತು ಲೋಹ ಸಂಶೋಧನೆಯ ಚರಿತ್ರೆಯ ಗ್ಯಾಲರಿ ತೆರೆಯುತ್ತಿತ್ತು. ಅದರ ಹೊಣೆ ಇವಳದು. ಮುಚ್ಚಿದ ಕಾರ್ಖಾನೆಗಳ ಹಳೆಯ ವರದಿಗಳನ್ನು ಓದುತ್ತ ಆ ಸಲಹೆಗಾರನ ವರದಿಗೆ ಬಂದಾಗ, ಮನಸ್ಸಿಗೆ ಮುಟ್ಟುವ ಉತ್ಸಾಹದ ಮನುಷ್ಯ ಯಾರೆಂದು ನೋಡುವ ಆಸೆಯಾಯಿತಂತೆ. ಫೋನಿನಲ್ಲಿ ಅರ್ಧ ಹಿಂದಿ, ಅರ್ಧ ಇಂಗ್ಲಿಷು, ನಡುನಡುವೆ ಊರುಗೋಲಿನಂತೆ ಕನ್ನಡ. ಫೋಟೋ ಕಳಿಸಿರೆಂದಳು. ಶಂಕ್ರೆಪ್ಪನವರು ಜೂನಿನಲ್ಲಿ ತೆಗೆಸಿದ್ದ ಫೋಟೋ ಕಳಿಸಿದರು. ಅವಳು ಕುಣಿದಾಡಿಬಿಟ್ಟಳು. ಎರಡು ಒಳ್ಳೆಯ ಪ್ಲೇಟುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಪಕ್ಕದಲ್ಲಿ ವರದಿಯ ಹತ್ತು ವರ್ಷದ ಆ ವಾಕ್ಯವನ್ನು ದೊಡ್ಡ ಅಕ್ಷರದಲ್ಲಿ ಬರೆಸುವುದು ಅವಳ ಆಲೋಚನೆ. ಮೂಲೆಯದು ಬೇಡ, ನೋಡುವವರಿಗೆ ಗೊಂದಲವಾಗುತ್ತದೆ ಎಂದಳು.

"ಮೂರೂ ಒಯ್ಯಬೇಕು, ಇಲ್ಲಾ ಒಂದೂ ಬ್ಯಾಡ," ಎಂದರು ಶಂಕ್ರೆಪ್ಪನವರು.

"ಸರ್, ಆದ್ರೆ ಮೂರನೇದು ನಿಮ್ಮ ವಿರುದ್ಧ ಸಾಕ್ಷಿ ಹೇಳ್ತದೆ."

"ಹೇಳವಲ್ತ್ಯಾಕ. ಅದೂ ನಂದೇ ಅಲ್ಲೇನವಾ?"

ಮಾತು ಅಲ್ಲಿಗೇ ನಿಂತಿತ್ತು. ಅಷ್ಟರಲ್ಲಿ ಮುಂಡಿಗೆ ಕಲೆ ಬಿದ್ದು, ನಿರ್ಣಯವಾಗಿ, ಸೋಮವಾರ ಹತ್ತಿರ ಬಂತು. ಪ್ಲೇಟುಗಳು ಗ್ಯಾಲರಿಗೆ ಹೋಗಬೇಕು, ಇಲ್ಲವೇ ಗುಜರಿಗೆ. ಮನೆಯೊಳಗಿಟ್ಟುಕೊಳ್ಳಬಹುದಲ್ಲ ಎಂದು ಸುಕೇಶರು ಉಪಾಯ ಹೇಳಿದ್ದರು. ಮಳೆ ತಾಗದ ಪ್ಲೇಟು ಸತ್ತ ಪ್ಲೇಟು, ಸತ್ತದ್ದನ್ನು ಮನೆಯಲ್ಲಿಟ್ಟುಕೊಳ್ಳುವುದಿಲ್ಲ ಎಂದು ಉತ್ತರ ಬಂದಿತ್ತು. ಹರಿಣಿ ತಾನೇ ಬಂದು ನೋಡಿ ಮಾತಾಡುವುದಾಗಿ ಹೇಳಿದಳು. ಅವಳಿಗೆ ಬಿಡುವಿದ್ದದ್ದು ದಸರೆಯ ಹಿಂದಿನ ದಿನ, ಖಂಡೇನವಮಿಗೆ.

ಖಂಡೇನವಮಿ ಎಂದರೆ ಆಯುಧಗಳ ಪೂಜೆ. ನವಪ್ರಭಾತದಲ್ಲಿ ಆಯುಧಗಳಿಗೆ ಬರವಿಲ್ಲ. ಕೆಳಗೆ ರಿಕ್ಷಾಗಳಿಗೆ ಚೆಂಡುಹೂವಿನ ಹಾರ, ಮನೆಮನೆಯಲ್ಲಿ ಹೊಲಿಗೆ ಯಂತ್ರ, ಲ್ಯಾಪ್‌ಟಾಪು, ಸುಕೇಶರ ಹೋಟೆಲಿನಲ್ಲಿ ಹಿಟ್ಟು ರುಬ್ಬುವ ಗ್ರೈಂಡರಿಗೆ ಗಂಧ. ಶಂಕ್ರೆಪ್ಪನವರು ಆ ದಿನ ಬೆಳಿಗ್ಗೆ ಲೋಕಲ್ ಹಿಡಿದು ದಾದರಿನ ಹೂವಿನ ಮಾರ್ಕೆಟ್ಟಿಗೆ ಹೋಗಿ ಚೆಂಡುಹೂ, ಮಾರನೆಯ ದಿನಕ್ಕೆ ಬನ್ನಿ ಎಲೆ ತರುವುದು ಪದ್ಧತಿ. ಭಾಂಡುಪಿನಲ್ಲೂ ಹೂ ಸಿಗುತ್ತದೆ. ಆದರೆ ದಾದರಿನ ಹೂ ದಾದರಿನದೇ ಎಂದು ರಾಚವ್ವನವರು ಹೇಳಿಬಿಟ್ಟಿದ್ದರು. ಪ್ರತಿ ಸಲವೂ ಅವರು ಆ ಜನಜಂಗುಳಿಯಲ್ಲಿ ಹಾದು ಹಿಂತಿರುಗುವಾಗ ಮಧ್ಯಾಹ್ನವಾಗುತ್ತಿತ್ತು. ಈ ಸಲ ಹರಿಣಿ ಮಾರ್ಕೆಟ್ಟಿನ ಬಳಿಯೇ ಅವರನ್ನು ಹುಡುಕಿ, ಹೂವಿನ ಚೀಲದ ಸಮೇತ ತನ್ನ ಕಾರಿನಲ್ಲಿ ಕೂರಿಸಿಕೊಂಡು ಬಂದಳು. ಘಾಟ್ಕೋಪರ್ ದಾಟುವವರೆಗೂ ಇಬ್ಬರೂ ಮೂರನೆಯ ಪ್ಲೇಟಿನ ಮೇಲೆ ವಾದಿಸುತ್ತಿದ್ದರು. ಹತ್ತು ಗಂಟೆಗೆ ಮುಂಚೆಯೇ ಬಿಲ್ಡಿಂಗ್ ಮುಟ್ಟಿದರು. ಮನೆಗೆ ಬೀಗವಿತ್ತು. ಲಿಫ್ಟು ಅಂದು ಆಲೋಚಿಸುತ್ತಿರಲಿಲ್ಲ. ನೇರ ಟೆರೇಸಿಗೇ ಹೋದರು. ಜೂನು ಬಿಟ್ಟು ಬೇರೆ ತಿಂಗಳಲ್ಲಿ ಶಂಕ್ರೆಪ್ಪನವರು ಅಲ್ಲಿ ಕಾಲಿಟ್ಟದ್ದು ಅದೇ ಮೊದಲು.

ಸ್ಟ್ಯಾಂಡಿನ ಮುಂದೆ ರಾಚವ್ವನವರು ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು. ಕೈಯಲ್ಲಿ ತೆಂಗಿನ ನಾರು, ಕಟ್ಟೆಯ ಮೇಲೆ ಒಂದು ಬಟ್ಟಲು, ಒಂದು ತಂಬಿಗೆ ನೀರು. ಮೂಲೆಯ ಪ್ಲೇಟು ಬೆಳ್ಳಿಯ ತಟ್ಟೆಯಂತೆ ಹೊಳೆಯುತ್ತಿತ್ತು. ನಡುವೆ ಅರಿಸಿನ ಕುಂಕುಮ, ಮೇಲೊಂದು ಬಿಳಿ ಸೇವಂತಿಗೆ.

ಶಂಕ್ರೆಪ್ಪನವರು ಚೀಲವನ್ನು ಕೆಳಗಿಟ್ಟರು.

"ಇಷ್ಟ್ ಲಗೂನ ಬಂದ್ರಿ?" ಎಂದರು ರಾಚವ್ವನವರು. ಅವರ ದನಿಯಲ್ಲಿ ಇದ್ದದ್ದು ಗಾಬರಿಯಲ್ಲ, ಕೆಲಸ ಮುಗಿಯುವ ಮುಂಚೆ ಅತಿಥಿ ಬಂದ ಬೇಸರ. "ಬಾರವಾ ತಂಗಿ. ಒಂದು ಕಾಯಿ ಒಡದು ಬಂದಬಿಡತೀನಿ."

"ಇದೇನಿದು?" ಎಂದರು ಶಂಕ್ರೆಪ್ಪನವರು.

"ಪೂಜಿ."

"ಇದಕ್ಯಾಕ ಪೂಜಿ?"

"ಮತ್ಯಾತಕ್ಕ ಮಾಡ್ಲಿ? ಎಲ್ಲಾರ ಮನಿಯಾಗೂ ಗಂಡಸರದು ಒಂದು ಆಯುಧ ಇರತೈತಿ. ನಿಮ್ಮದು ಏನಿತ್ತು, ಪೆನ್ನು. ಮೊದಲ ಅದಕ್ಕೂ ಮಾಡಿ ನೋಡೀನಿ. ಆ ವರ್ಷನಾ ನಿಮ್ಮ ಆಫೀಸಿನಾಗ ಸಿಮೆಂಟಿನ ಚೀಲ ತುಂಬಿದ್ರು. ಆಮ್ಯಾಲ ನೀವು ಇವನ್ನ ತಂದು ನಿಲ್ಲಿಸಿದ್ರಿ. ಇವ ನಿಮ್ಮ ಆಯುಧ ಅಂತ ತಿಳಕೊಂಡೆ."

ಪೂಜೆ ಮಾಡುವುದಾದರೆ ಉಜ್ಜುವುದೇಕೆ ಎಂದು ಶಂಕ್ರೆಪ್ಪನವರು ಬಹಳ ಮೆಲ್ಲಗೆ ಕೇಳಿದರು. ತುಕ್ಕು ಹಿಡಿದ ಆಯುಧಕ್ಕೆ ಕುಂಕುಮ ಹಚ್ಚುವುದನ್ನು ಯಾವ ಊರಿನಲ್ಲಿ ಕಂಡಿದ್ದೀರಿ ಎಂಬುದು ಉತ್ತರ. ಆರರಲ್ಲಿ ಇದೊಂದೇ ಏಕೆ ಎಂದು ಹರಿಣಿ ಕೇಳಿದಳು. ಉಳಿದವಕ್ಕೆ ನೀರಿನ ಟಾಕಿಯ ಪೈಪು ಅಡ್ಡ, ತಮ್ಮ ಕೈಗೆ ನಿಲುಕುವುದು ಇದೊಂದೇ, ದೇವರಿಗೆ ಒಂದಕ್ಕೆ ಮಾಡಿದರೂ ಎಲ್ಲಕ್ಕೂ ಸಲ್ಲುತ್ತದೆ ಎಂದರು ರಾಚವ್ವನವರು. ಹೇಳದೆ ಮಾಡಿದ್ದೇಕೆಂದರೆ, ಕೈ ಹಚ್ಚಬಾರದೆಂದು ಗಂಡ ಕಟ್ಟುನಿಟ್ಟಾಗಿ ಹೇಳಿದ್ದರು. ಪೂಜೆಗೆ ಕೈ ಹಚ್ಚುವುದು ಕೈ ಹಚ್ಚಿದಂತಲ್ಲವಾದರೂ, ಓದಿದವರ ಹತ್ತಿರ ವಾದ ಏಕೆ? ದಾದರಿನ ಹೂವಿನ ಮಹಿಮೆ ಏನೆಂಬುದು ಶಂಕ್ರೆಪ್ಪನವರಿಗೆ ಆಗ ಹೊಳೆಯಿತು.

ಅವರು ಟಾಕಿಯ ಕಟ್ಟೆಯ ಮೇಲೆ ಕುಳಿತರು. ಈಗ ಸಿಟ್ಟಿನ ಮಾತು ಬರುತ್ತದೆಂದು ಹರಿಣಿ ಹಿಂದೆ ಸರಿದು ನಿಂತಳು.

"ಬಟ್ಟಲದಾಗ ಏನೈತಿ?" ಎಂದರು.

"ಹುಣಸಿಹಣ್ಣು, ಉಪ್ಪು."

"ಎಷ್ಟು ಹುಣಸಿಹಣ್ಣು?"

"ನಿಂಬಿಕಾಯಿಯಷ್ಟು."

"ಪ್ರತಿ ವರ್ಷ ಅಷ್ಟೇನು?"

"ಪೂಜಿಗೆ ಒಂದ್ ವರ್ಷ ಹೆಚ್ಚು ಒಂದ್ ವರ್ಷ ಕಡಿಮಿ ಮಾಡತಾರೇನ್ರಿ?"

"ಉಪ್ಪು?"

"ಒಂದು ಮುಟಿಗಿ. ಉಜ್ಜಿ, ತೊಳದು, ಪೂಜಿ ಮುಗದ ಮ್ಯಾಲ ಕುಂಕುಮ ಒರಸಿ, ಬಿಸಲಿಗೆ ಬಿಡೂದು. ಎಣ್ಣಿ ಗಿಣ್ಣಿ ಹಚ್ಚಂಗಿಲ್ಲ, ಧೂಳಾ ಹಿಡೀತೈತಿ."

"ಒಂದು ವರ್ಷನೂ ತಪ್ಪಿಸಿಲ್ಲ?"

ರಾಚವ್ವನವರು ಯೋಚಿಸಿದರು. "ಕೊರೋನಾ ವರ್ಷ ಒಂದು ತಪ್ಪೇತಿ. ಶೆಟ್ಟರು ಈ ಗಚ್ಚಿಗೆ ಕೀಲಿ ಹಾಕಿದ್ರಲ್ಲ. ಮೆಟ್ಟಲದಾಗ ನಿಂತು ಕೈ ಮುಗದೆ."

ಶಂಕ್ರೆಪ್ಪನವರು ತಟಕ್ಕನೆ ಎದ್ದು ನಿಂತರು. ಆ ಮುಂದಿನ ಜೂನಿನಲ್ಲಿ ಮೂಲೆಯ ಪ್ಲೇಟು ಒಮ್ಮೆಗೇ ಕಪ್ಪಗಾಗಿ, ಪುಡಿ ಉದುರಿಸುವುದು ನಿಲ್ಲಿಸಿ, ಅವರನ್ನು ಕಂಗಾಲು ಮಾಡಿತ್ತು. ಕೊನೆಯ ಸೌಟಿನಲ್ಲಿ ಕೆಟ್ಟಿದ್ದ ಲೋಹ ಮೂವತ್ತೈದು ವರ್ಷದ ಮೇಲೆ ತಾನಾಗಿ ಸುಧಾರಿಸುವುದುಂಟೆ? ಮರುವರ್ಷ ಅದು ಮತ್ತೆ ಹಳೆಯ ಚಾಳಿಗೆ ಬಿದ್ದಾಗ, ಇದು ತಮ್ಮ ಕಣ್ಣಿನ ದೋಷವೆಂದು ಪೊರೆಯ ಆಪರೇಷನ್ ಮಾಡಿಸಿಕೊಂಡಿದ್ದರು.

ಇದನ್ನು ಅವರು ಹರಿಣಿಗೆ ಹೇಳುತ್ತಿದ್ದಂತೆ ಅವಳು ಪರ್ಸಿನಿಂದ ಪೆನ್ನು ತೆಗೆದು ಹೂವಿನ ಪೊಟ್ಟಣದ ಕಾಗದದ ಮೇಲೆಯೇ ಬರೆದುಕೊಳ್ಳತೊಡಗಿದ್ದಳು. ಚರ್ಮ ಬೆಳೆಯದ ಪ್ಲೇಟಲ್ಲ ಅದು. ಬೆಳೆದ ಚರ್ಮವನ್ನು ವರ್ಷಕ್ಕೊಮ್ಮೆ, ಒಂದೇ ದಿನ, ಒಂದೇ ಅಳತೆಯ ಹುಳಿ ಉಪ್ಪಿನಿಂದ ಸುಲಿಸಿಕೊಂಡ ಪ್ಲೇಟು.

"ಅಜ್ಜಿ," ಎಂದಳು ಹರಿಣಿ, "ಇಂಥ ಎಕ್ಸ್‌ಪೆರಿಮೆಂಟ್ ಮಾಡ್ಲಿಕ್ಕೆ ನಾವು ಗ್ರಾಂಟ್ ಕೇಳಿದ್ರೆ ಮೂರು ವರ್ಷಕ್ಕೆ ಕೊಡ್ತಾರೆ. ಚಾಲೀಸ್ ಸಾಲ್, ನಲವತ್ತು ವರ್ಷಕ್ಕೆ ಯಾರು ಕೊಡ್ತಾರೆ?"

ರಾಚವ್ವನವರಿಗೆ ಮಾತು ಅರ್ಥವಾಗದಿದ್ದರೂ ಏನೋ ಆಗಿದೆ ಎಂಬುದು ಅರ್ಥವಾಯಿತು. ನಾರನ್ನು ಕೆಳಗಿಟ್ಟರು.

"ನಾ ಏನರ ಕೆಡಿಸಿದ್ನೇನ್ರಿ?" ಎಂದು ಗಂಡನನ್ನು ಕೇಳಿದರು.

ಶಂಕ್ರೆಪ್ಪನವರು ಪ್ಲೇಟಿನ ಹತ್ತಿರ ಹೋಗಿ, ಜೇಬಿನಿಂದ ನಾಣ್ಯ ತೆಗೆದು, ಕುಂಕುಮ ಅಳಿಸದಂತೆ ಅಂಚಿಗೆ ತಟ್ಟಿದರು. ದನಿ ತೆಳುವಾಗಿತ್ತು, ಆದರೆ ಒಡಕಿರಲಿಲ್ಲ. ಇನ್ನೊಮ್ಮೆ ತಟ್ಟಿದರು. ಎಲ್ಲಿಯೂ ತೂತಿಲ್ಲ.

"ಹತ್ತು ವರ್ಷ ಅಂದಿದ್ದ," ಎಂದರು. ಯಾರ ಮಾತೆಂದು ಹೇಳಬೇಕಾಗಿರಲಿಲ್ಲ. "ಬರೇ ಮಳಿಗೆ ಹತ್ತು ವರ್ಷ. ನೀ ಇದರ ಚರ್ಮ ಸುಲದು, ಗಾಯಕ್ಕ ಉಪ್ಪು ಹಚ್ಚಿ ನಿಲ್ಲಿಸೀದಿ. ನಲವತ್ತು ವರ್ಷ ಆತು, ಇನ್ನೂ ನಿಂತೈತಿ. ಮೂರೂ ಗೆದ್ದಾವ ರಾಚವ್ವಾ. ಇದು ಆ ಎರಡಕ್ಕಿಂತ ಒಂದು ಕೈ ಮ್ಯಾಲ."

ಮದುವೆಯಾದ ಮೇಲೆ ಹೆಂಡತಿಯ ಹೆಸರನ್ನು ಅವರು ಪರರ ಮುಂದೆ ಕರೆದದ್ದು ಬಹುಶಃ ಇದೇ ಮೊದಲು. ರಾಚವ್ವನವರು ಸೆರಗು ಸರಿಮಾಡಿಕೊಂಡು, ಹಾಗಾದರೆ ಕಾಯಿ ಒಡೆಯಲೇ ಎಂದು ಕೇಳಿದರು.

ಕಾಯಿ ಒಡೆದ ಸದ್ದಿಗೆ ಸುಕೇಶರು ಮೇಲೆ ಬಂದರು. ಅವರ ಮನೆ ಮೇಲಿನ ಮಹಡಿಯದು. ತಲೆಯ ಮೇಲೆ ಏನು ಬಿದ್ದರೂ ಅದು ಸೋರಿಕೆಯ ಆರಂಭವೆಂಬ ಭಯ ಅವರಿಗೆ. ಹರಿಣಿಯನ್ನು ಕಂಡು, ಅವಳ ಮನೆಮಾತು ತುಳು ಎಂದು ತಿಳಿದು, ಅವಳ ಅಜ್ಜನ ಊರು, ಮನೆತನ ಎಲ್ಲ ವಿಚಾರಿಸಿ ದೂರದ ಒಂದು ಸಂಬಂಧ ಹುಡುಕಿ ತೆಗೆದ ನಂತರವೇ 'ಎಂತ ವಿಷಯ' ಎಂದು ಕೇಳಿದರು. ಅವಳು ತುಳುವಿನಲ್ಲಿ ಎಲ್ಲವನ್ನೂ ಹೇಳಿದಳು. ಸುಕೇಶರು ಪ್ಲೇಟುಗಳನ್ನು ಹದಿನೈದು ವರ್ಷದಲ್ಲಿ ಮೊದಲ ಬಾರಿ ಹತ್ತಿರ ಹೋಗಿ ನೋಡಿದರು.

"ಅದೆಲ್ಲ ಸರಿ," ಎಂದರು ಕೊನೆಗೆ. "ಆದರೆ ನನ್ನ ಮುಂಡಿನ ಕಲೆ?"

ಹರಿಣಿ ಬಟ್ಟೆಯ ತಂತಿಯ ಉದ್ದಕ್ಕೂ ನಡೆದು ನೋಡಿದಳು. ಪ್ಲೇಟುಗಳ ಸ್ಟ್ಯಾಂಡು ತಂತಿಯಿಂದ ದೂರವಿತ್ತು, ನೀರಿನ ಇಳಿಜಾರೂ ಆಚೆಗಿತ್ತು. ತಂತಿಯ ನೇರ ಮೇಲಕ್ಕೆ, ಟಾಕಿಯ ಗೋಡೆಗೆ, ಒಂದು ಟಿವಿ ಡಿಶ್ಶಿನ ಕಬ್ಬಿಣದ ಕೈ ಚಾಚಿಕೊಂಡಿತ್ತು. ತುದಿಯಲ್ಲಿ ಕಂದು ಹನಿಯೊಂದು ಒಣಗಿತ್ತು.

"ಇದು ಯಾರದು?"

ಸುಕೇಶರು ಅದನ್ನು ಎಷ್ಟೋ ಹೊತ್ತು ನೋಡಿದರು. "ನಮ್ಮದೇ," ಎಂದರು. ಆಮೇಲೆ, ಮಂಡಳಿಯ ಮರ್ಯಾದೆ ಕಾಯುವ ದನಿಯಲ್ಲಿ, "ಮಾಮೂಲಿ ಉಕ್ಕು ಅಲ್ವಾ, ಹಾಗೆಯೇ ಆಗುವುದು," ಎಂದರು.

ಮಾರನೆಯ ದಿನ ದಸರೆ. ಬಿಲ್ಡಿಂಗಿನವರೆಲ್ಲ ಒಬ್ಬರ ಕೈಗೊಬ್ಬರು ಬನ್ನಿ ಎಲೆ ಕೊಟ್ಟು ಇದು ಚಿನ್ನ ಎಂದು ಹೇಳಿಕೊಳ್ಳುವ ದಿನ. ಶಂಕ್ರೆಪ್ಪನವರು ಲೋಹಶಾಸ್ತ್ರಜ್ಞರಾಗಿ ಈ ಮಾತಿಗೆ ಪ್ರತಿ ವರ್ಷ ಸಣ್ಣದೊಂದು ಆಕ್ಷೇಪ ಎತ್ತುತ್ತಿದ್ದರು. ಈ ಸಲ ಎತ್ತಲಿಲ್ಲ. ಎಲೆ ಕೊಡಲು ಬಂದವರನ್ನೆಲ್ಲ ಸುಕೇಶರು ತಾವಾಗಿಯೇ ಟೆರೇಸಿಗೆ ಕರೆದೊಯ್ದು ಪ್ಲೇಟುಗಳನ್ನು ತೋರಿಸಿದರು. ರಂಜಕ ಎಂದರೇನು, ಅದು ಚಳಿಯ ದೇಶದಲ್ಲಿ ಏಕೆ ಕೆಟ್ಟದ್ದು, ಭಾಂಡುಪಿನಲ್ಲಿ ಏಕೆ ಒಳ್ಳೆಯದು ಎಂದು ವಿವರಿಸಿದರು. ನಮ್ಮ ಸೊಸೈಟಿಯ ಪ್ರಯೋಗ ಎಂದರು. ಯಾರೋ ತಗಡು ಎಂದಾಗ ತಡೆದು, ಪ್ಲೇಟು ಎಂದು ತಿದ್ದಿದರು.

ಭಾನುವಾರ ಸಂಸ್ಥೆಯ ಟೆಂಪೋ ಬಂದು ಆರನ್ನೂ, ಜರಡಿಯಾದ ಮಾಮೂಲಿ ಉಕ್ಕಿನ ಅಂಚುಗಳ ಸಮೇತ, ಸ್ಟ್ಯಾಂಡಿನೊಂದಿಗೆ ಒಯ್ದಿತು. ಇಳಿಸುವಾಗ ಲಿಫ್ಟು ಎರಡು ಮೂರರ ನಡುವೆ ನಿಂತಿತು. ಅದಿರಲಿ. ಲ್ಯಾಬಿನಲ್ಲಿ ಮೂರೂ ಪ್ಲೇಟುಗಳ ಚೂರು ತೆಗೆದು ನೋಡಿದಾಗ ರಂಜಕ, ತಾಮ್ರ ಮೂರರಲ್ಲೂ ಒಂದೇ ಸಮ ಇತ್ತು. ಕೊನೆಯ ಸೌಟಿನಲ್ಲಿ ಏನೂ ಕೆಟ್ಟಿರಲಿಲ್ಲ. ಶಂಕ್ರೆಪ್ಪನವರು ನಲವತ್ತು ವರ್ಷ ಮನಸ್ಸಿನಲ್ಲೇ ಬೈದಿದ್ದ, ಅಂದು ಕುಲುಮೆಯಲ್ಲಿ ಸೌಟು ಹಿಡಿದಿದ್ದ ಕೆಲಸಗಾರ ಎಂದೋ ತೀರಿಕೊಂಡಿದ್ದ; ಅವನ ಮಗನಿಗೆ ಫೋನು ಮಾಡಿ, ನಿನ್ನ ಅಪ್ಪನ ಕೈ ಬಂಗಾರದಂಥದ್ದು ಎಂದು ಹೇಳಿದರು. ಮಗನಿಗೆ ತಲೆಬುಡ ಅರ್ಥವಾಗಲಿಲ್ಲವಾದರೂ ಖುಷಿಯಾಯಿತು.

ಹರಿಣಿ ಮತ್ತು ಶಂಕ್ರೆಪ್ಪನವರು ಸೇರಿ ಪ್ರಬಂಧ ಬರೆದರು. ಲೇಖಕರು ಇಬ್ಬರಲ್ಲ, ಮೂವರು ಎಂದು ಶಂಕ್ರೆಪ್ಪನವರು ಹಟ ಹಿಡಿದರು. ಪ್ರಯೋಗ ಮಾಡಿದವರ ಹೆಸರಿಲ್ಲದೆ ಪ್ರಬಂಧ ಎಲ್ಲಿಯದು? ಹರಿಣಿಗೂ ಅದೇ ಬೇಕಿತ್ತು. ರಾಚವ್ವನವರ ಹೆಸರಿನ ಕೆಳಗೆ ಸಂಸ್ಥೆಯ ಹೆಸರು ಬರೆಯಬೇಕಾದ ಕಡೆ ನವಪ್ರಭಾತ್ ಸೊಸೈಟಿ, ಭಾಂಡುಪ್ ಎಂದು ಬರೆದಿದ್ದಾರೆ. ಸುಕೇಶರು ಅದನ್ನು ದೊಡ್ಡದು ಮಾಡಿಸಿ ನೋಟಿಸ್ ಬೋರ್ಡಿಗೆ ಹಾಕಿದ್ದಾರೆ. ಪತ್ರಿಕೆಯ ಪರಿಶೀಲಕರಲ್ಲೊಬ್ಬರು ಹುಣಸೇಹಣ್ಣಿನ ಮೂಲ ಯಾವುದೆಂದು ಕೇಳಿದ್ದರು. ಸ್ಟೇಷನ್ ರಸ್ತೆಯ ಕಿರಾಣಿ ಅಂಗಡಿ, ಬೀಜ ತೆಗೆದದ್ದು, ಎಂದು ರಾಚವ್ವನವರು ಹೇಳಿದರು. ಹಾಗೆಯೇ ಬರೆದು ಕಳಿಸಿದರು.

ಪ್ರಬಂಧ ಈ ವರ್ಷದ ಜೂನಿನಲ್ಲಿ ಅಚ್ಚಾಯಿತು. ಮೂರು ಪ್ಲೇಟುಗಳೂ ಗ್ಯಾಲರಿಯಲ್ಲಿ ಒಂದೇ ಗಾಜಿನ ಪೆಟ್ಟಿಗೆಯಲ್ಲಿವೆ, ಮೂಲೆಯದು ನಡುವೆ. ಟೆರೇಸಿಗೆ ಡಾಂಬರಿನ ಹಾಳೆ ಹಾಸಿದರು. ಮುಂಡಿನ ಕಲೆಯನ್ನು ರಾಚವ್ವನವರು ನಿಂಬೆಹುಳಿ ಮತ್ತು ಉಪ್ಪು ಹಾಕಿ ತೆಗೆದುಕೊಟ್ಟರು.